ನೆಲದಡಿಯ ಕಟ್ಟಡಗಳಲ್ಲಿ ನೀರಿನ ಸೋರಿಕೆ: ಕಾಂಕ್ರೀಟಿನ ಸಂದುಗಳ ಬಗ್ಗೆ ವಹಿಸಬೇಕಾದ ಎಚ್ಚರ

(ಹೊರನಾಡ ಕನ್ನಡಿಗರ ವಸತಿ ಸಹಕಾರ ಸಂಘಗಳ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ನಾನು ವೃತ್ತಿಯಿಂದ ಎಂಜಿನಿಯರನಲ್ಲ, ಭಾಷಾಂತರಕಾರ. ಎಂಜಿನಿಯರುಗಳು ತಮ್ಮ ಪರಿಭಾಷೆಯಲ್ಲಿ ಬರೆದಿಟ್ಟ ತಿಳಿವಳಿಕೆಯನ್ನು ಕನ್ನಡಿಗರ ಮನೆಬಾಗಿಲಿಗೆ ತಲುಪಿಸುವುದು ನನ್ನ ಕರ್ತವ್ಯ. ಇಂದು ನಾನು ಪ್ರಸ್ತಾಪಿಸಲಿರುವ ವಿಷಯ ಮೊದಲ ನೋಟಕ್ಕೆ ಕೇವಲ ತಾಂತ್ರಿಕವೆಂದು ತೋರಬಹುದು. ಆದರೆ ನಮ್ಮಲ್ಲಿ ಬಹುಮಂದಿ ವಾಸವಾಗಿರುವುದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಬಹುಮಹಡಿ ಕಟ್ಟಡಗಳಲ್ಲಿ. ನಾವು ಕುಡಿಯುವ ನೀರು ನಗರಸಭೆಯ ಕೊಳವೆಯಿಂದ ನೇರವಾಗಿ ನಮ್ಮ ಲೋಟಕ್ಕೆ ಬರುವುದಿಲ್ಲ. ಅದು ಮೊದಲು ನೆಲದಡಿಯ ತೊಟ್ಟಿಯಲ್ಲಿ, ನಾವು ಊರಿನಲ್ಲಿ ಸಂಪು ಎಂದು ಕರೆಯುವ ಕಾಂಕ್ರೀಟಿನ ಪೆಟ್ಟಿಗೆಯಲ್ಲಿ, ಕೆಲವು ಗಂಟೆಗಳ ಕಾಲವಾದರೂ ನಿಲ್ಲುತ್ತದೆ. ನಮ್ಮ ವಾಹನಗಳು ನಿಲ್ಲುವುದು, ವಿದ್ಯುತ್ತಿನ ಫಲಕಗಳೂ ಪಂಪುಗಳೂ ಲಿಫ್ಟಿನ ಗುಂಡಿಯೂ ಇರುವುದು ನೆಲಮಾಳಿಗೆಯಲ್ಲಿ. ಇವೆಲ್ಲವೂ ಮಣ್ಣಿನೊಳಗೆ ಹುದುಗಿರುವ ಕಟ್ಟಡಗಳು. ಇವುಗಳಲ್ಲಿ ನೀರು ಸೋರುವ ಸ್ಥಳ ಬಹುಪಾಲು ಒಂದೇ: ಒಂದು ದಿನ ಹಾಕಿದ ಕಾಂಕ್ರೀಟು ಇನ್ನೊಂದು ದಿನ ಹಾಕಿದ ಕಾಂಕ್ರೀಟಿಗೆ ಕೂಡುವ ಸಂದು.

ಈ ಸಂದಿನ ಭವಿಷ್ಯ ನಿರ್ಧಾರವಾಗುವುದು ಕಾಂಕ್ರೀಟು ಸುರಿಯುವುದಕ್ಕೆ ಮುಂಚಿನ ಒಂದೆರಡು ಗಂಟೆಗಳಲ್ಲಿ. ಆಗ ಅಲ್ಪ ಖರ್ಚಿನಲ್ಲಿ ಆಗಬಹುದಾದ ಕೆಲಸ ಆ ಬಳಿಕ ಎಷ್ಟು ಹಣ ಸುರಿದರೂ ಪೂರ್ಣವಾಗಿ ಆಗುವುದಿಲ್ಲ. ನನ್ನ ಮಾತಿನ ಸಾರಾಂಶವೆಲ್ಲ ಇಷ್ಟೇ. ಉಳಿದದ್ದು ಅದರ ವಿವರಣೆ.

ನೆಲದಡಿಯ ನೀರಿನ ಸ್ವಭಾವ

ಮಳೆಗಾಲದಲ್ಲಿ ಭೂಮಿಯೊಳಗಿನ ನೀರಿನ ಮಟ್ಟ ಮೇಲೇರುವುದು ತಮಗೆಲ್ಲ ತಿಳಿದ ಸಂಗತಿ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳ ಹಲವು ಬಡಾವಣೆಗಳಲ್ಲಿ ಅದು ವರ್ಷವಿಡೀ ನೆಲಕ್ಕೆ ಸಮೀಪದಲ್ಲೇ ಇರುತ್ತದೆ. ಹೈದರಾಬಾದಿನಂತಹ ಕಲ್ಲುನೆಲದಲ್ಲಿ ಮಳೆಯ ನೀರು ಬಂಡೆಯ ಬಿರುಕುಗಳ ಮೂಲಕ ಹರಿದು ಬಂದು ನೆಲಮಾಳಿಗೆಯ ಗೋಡೆಯ ಹೊರಗೆ ತಂಗುತ್ತದೆ. ಹೀಗೆ ತಂಗಿದ ನೀರು ಸುಮ್ಮನಿರುವುದಿಲ್ಲ. ನೀರಿನ ಮಟ್ಟಕ್ಕಿಂತ 3 ಮೀಟರು ಕೆಳಗೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 3 ಟನ್ನುಗಳಷ್ಟು ಒತ್ತಡ ಬೀಳುತ್ತದೆ. 10 ಮೀಟರು ಆಳದಲ್ಲಿ ಅದು 10 ಟನ್ನು. ಈ ಒತ್ತಡ ಹಗಲಿರುಳೂ ಕಾಂಕ್ರೀಟಿನ ದುರ್ಬಲ ಸ್ಥಾನವನ್ನು ಹುಡುಕುತ್ತಲೇ ಇರುತ್ತದೆ. ಮನೆಯ ಚಾವಣಿಯ ಮೇಲೆ ಬಿದ್ದ ಮಳೆ ಹರಿದುಹೋಗುತ್ತದೆ. ಆದರೆ ನೆಲದಡಿಯ ನೀರಿಗೆ ಅವಸರವಿಲ್ಲ, ಅದು ಕಾಯಬಲ್ಲದು.

ನಮ್ಮ ಹಿರಿಯರು ಈ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಬಾವಿ ಕಟ್ಟುವಾಗ ಕಲ್ಲುಗಳ ನಡುವಣ ಸಂದುಗಳಿಗೆ ಅವರು ಅನೇಕ ಕಡೆ ಗಾರೆಯನ್ನೇ ತುಂಬುತ್ತಿರಲಿಲ್ಲ. ಏಕೆಂದರೆ ಬಾವಿಗೆ ನೀರು ಬರಬೇಕಾದದ್ದೇ ಆ ಸಂದುಗಳಿಂದ. ಬಾವಿಯಲ್ಲಿ ಯಾವುದು ಗುಣವೋ ಸಂಪಿನಲ್ಲಿ ಅದೇ ದೋಷ. ಬಾವಿ ನೀರನ್ನು ಬರಮಾಡಿಕೊಳ್ಳಬೇಕು. ಸಂಪು ಒಳಗಿನದನ್ನು ಒಳಗೂ ಹೊರಗಿನದನ್ನು ಹೊರಗೂ ಇರಿಸಬೇಕು.

ಸಂದು ಏಕೆ ಬೇಕು?

ಸಂದೇ ಇಲ್ಲದಂತೆ ಕಟ್ಟಬಾರದೇಕೆ ಎಂದು ತಾವು ಕೇಳಬಹುದು. ಒಂದು ಸಾಧಾರಣ ವಸತಿ ಸಂಘದ ಸಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಉದ್ದ 5 ಮೀಟರು, ಅಗಲ 4 ಮೀಟರು, ನೀರಿನ ಆಳ 2.5 ಮೀಟರು; ಅದು ಹಿಡಿಯುವ ನೀರು 50,000 ಲೀಟರು. ಇದರ ತಳವನ್ನೂ ನಾಲ್ಕು ಗೋಡೆಗಳನ್ನೂ ಒಂದೇ ದಿನ, ಒಂದೇ ಉಸಿರಿನಲ್ಲಿ ಹಾಕುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಮೊದಲು ತಳದ ಚಪ್ಪಡಿಯನ್ನು ಹಾಕಿ, ಅದು ಗಟ್ಟಿಯಾದ ಮೇಲೆ ಗೋಡೆಗೆ ಸೆಂಟ್ರಿಂಗ್ ಕಟ್ಟಿ ಕಾಂಕ್ರೀಟು ಸುರಿಯುತ್ತಾರೆ. ಹೀಗೆ ಹಳೆಯ ಕಾಂಕ್ರೀಟಿಗೂ ಹೊಸ ಕಾಂಕ್ರೀಟಿಗೂ ನಡುವೆ ಉಂಟಾಗುವುದು ನಿರ್ಮಾಣದ ಸಂದು. ಎರಡನೆಯದು ಹಿಗ್ಗುವ ಸಂದು. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. 30 ಮೀಟರು ಉದ್ದದ ಗೋಡೆಯ ತಾಪಮಾನ 20 ಡಿಗ್ರಿ ಸೆಲ್ಸಿಯಸ್ ಬದಲಾದರೆ ಅದರ ಉದ್ದದಲ್ಲಿ ಸುಮಾರು 6 ಮಿಲಿಮೀಟರು ವ್ಯತ್ಯಾಸವಾಗುತ್ತದೆ. ಅದಕ್ಕೆ ಅವಕಾಶ ಕೊಡದಿದ್ದರೆ ಗೋಡೆ ತಾನೇ ಬಿರಿದು ಅವಕಾಶ ಮಾಡಿಕೊಳ್ಳುತ್ತದೆ. ಮೂರನೆಯದು ಕುಗ್ಗುವ ಸಂದು. ಕಾಂಕ್ರೀಟು ಒಣಗುತ್ತ ಕುಗ್ಗುವಾಗ ಬಿರುಕು ನಾವು ಗೊತ್ತುಮಾಡಿದ ಸ್ಥಳದಲ್ಲೇ ಬೀಳುವಂತೆ ಮಾಡುವ ವ್ಯವಸ್ಥೆ ಅದು.

ಕನ್ನಡ ವ್ಯಾಕರಣ ಓದಿದವರಿಗೆ ಇಲ್ಲಿ ಸಂಧಿ ಪ್ರಕರಣ ನೆನಪಾಗದಿರದು. ಲೋಪಸಂಧಿಯಲ್ಲಿ ಒಂದು ಸ್ವರ ಮರೆಯಾಗುತ್ತದೆ, ಆಗಮಸಂಧಿಯಲ್ಲಿ ಒಂದು ಅಕ್ಷರ ಹೊಸದಾಗಿ ಬಂದು ಸೇರುತ್ತದೆ. ಆದರೂ ಎರಡು ಪದಗಳು ಕೂಡಿ ಒಂದೇ ಪದವಾಗುತ್ತವೆ. ಕಾಂಕ್ರೀಟಿನ ಸಂದಿನಲ್ಲಿ ಲೋಪವಾದರೆ ಆಗಮವಾಗುವುದು ನೀರು. ಎರಡು ಒಂದಾಗುವುದಿಲ್ಲ, ಒಂದು ಎರಡಾಗುತ್ತದೆ.

ಹಾಗೆಂದು ಸಂದಿದ್ದ ಕಡೆಯೆಲ್ಲ ಸೋರಲೇಬೇಕೆಂಬ ನಿಯಮವೇನೂ ಇಲ್ಲ. ಕೋಲ್ಕತ್ತದಲ್ಲಿ ಹೂಗ್ಲಿ ನದಿಯ ತಳದ ಕೆಳಗೆ ಸುಮಾರು 520 ಮೀಟರು ದೂರ ಸಾಗುವ ಮೆಟ್ರೋ ರೈಲಿನ ಜೋಡಿ ಸುರಂಗಗಳು 2024ರ ಮಾರ್ಚಿಯಲ್ಲಿ ಸಂಚಾರಕ್ಕೆ ತೆರೆದುವು. ಆ ಸುರಂಗಗಳು ಅಖಂಡವಾಗಿ ಎರಕ ಹೊಯ್ದವಲ್ಲ. ಮೊದಲೇ ತಯಾರಿಸಿದ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಬಳೆಯಂತೆ ಜೋಡಿಸುತ್ತ ಹೋಗಿ ಅವನ್ನು ರಚಿಸಲಾಗಿದೆ. ಅಂದರೆ ನದಿಯ ಕೆಳಗೆ ಇರುವುದು ಸಂದುಗಳ ಒಂದು ದೀರ್ಘ ಸರಮಾಲೆ. ಪ್ರತಿ ತುಂಡಿನ ಅಂಚಿಗೂ ಗ್ಯಾಸ್ಕೆಟ್ ಎಂಬ ಪಟ್ಟಿಯನ್ನು ಕೂಡಿಸಿ, ಎರಡು ತುಂಡುಗಳು ಒತ್ತಿಕೊಂಡಾಗ ಆ ಪಟ್ಟಿಗಳು ನೀರಿಗೆ ದಾರಿ ಮುಚ್ಚುವಂತೆ ಮಾಡಲಾಗಿದೆ. ಪ್ರತಿಯೊಂದು ಸಂದಿನ ವಿಚಾರವನ್ನೂ ಮೊದಲೇ ಯೋಚಿಸಲಾಗಿತ್ತು ಎಂಬುದೇ ಇಲ್ಲಿಯ ಪಾಠ. ನದಿಯ ಕೆಳಗೆ ಸಾಧ್ಯವಾದದ್ದು ನಮ್ಮ ಅಂಗಳದಲ್ಲಿ ಅಸಾಧ್ಯವಾಗಬೇಕಿಲ್ಲ.

ಹೊರಕ್ಕೆ ಸೋರುವ ಸಂದು ಒಳಕ್ಕೂ ಸೋರುತ್ತದೆ

ಸಂಪು ಸೋರಿದರೆ ಸ್ವಲ್ಪ ನೀರು ನಷ್ಟವಾಗುತ್ತದೆ, ಅಷ್ಟೇ ತಾನೆ ಎಂದು ಭಾವಿಸುವವರಿದ್ದಾರೆ. ಸೆಕೆಂಡಿಗೊಂದು ಹನಿಯಂತೆ ಸೋರಿದರೂ ದಿನಕ್ಕೆ 4 ಲೀಟರಿಗೂ ಹೆಚ್ಚು ನೀರು ಪೋಲಾಗುತ್ತದೆ. ಆದರೆ ಇದಕ್ಕಿಂತ ಗಂಭೀರವಾದ ವಿಚಾರ ಬೇರೆಯೇ ಇದೆ.

ಸಂಪು ತುಂಬಿದ್ದಾಗ ಒಳಗಿನ ಒತ್ತಡ ಹೆಚ್ಚು, ಆಗ ನೀರು ಹೊರಕ್ಕೆ ಹೋಗುತ್ತದೆ. ಬೆಳಗಿನ ಹೊತ್ತು ಪಂಪು ಎಲ್ಲವನ್ನೂ ಮೇಲಿನ ತೊಟ್ಟಿಗೆ ಏರಿಸಿದ ಮೇಲೆ ಸಂಪು ಬರಿದಾಗುತ್ತದೆ. ಹೊರಗಿನ ಮಣ್ಣಿನಲ್ಲಿ ನೀರು ತುಂಬಿದ್ದರೆ ಈಗ ಒತ್ತಡ ತಿರುಗಿಬೀಳುತ್ತದೆ. ರಾತ್ರಿ ಹೊರಕ್ಕೆ ಸೋರಿದ ಅದೇ ಸಂದು ಬೆಳಗ್ಗೆ ಒಳಕ್ಕೆ ಸೋರುತ್ತದೆ. ಆ ಮಣ್ಣಿನಲ್ಲಿ ಏನಿದೆ? ಇಕ್ಕಟ್ಟಾದ ನಿವೇಶನಗಳಲ್ಲಿ ಸಂಪಿನ ಪಕ್ಕದಲ್ಲೇ ಒಳಚರಂಡಿಯ ಕೊಳವೆಯೂ ಅದರ ಗುಂಡಿಯೂ ಇರುವುದುಂಟು. ಅಲ್ಲಿಯ ಸೋರಿಕೆ ಇಲ್ಲಿಯ ಸೋರಿಕೆಯೊಂದಿಗೆ ಕೈಜೋಡಿಸಿದರೆ ಕಾಮಾಲೆ, ವಿಷಮಶೀತ ಜ್ವರ, ವಾಂತಿಭೇದಿಗಳು ಕಟ್ಟಡದ ಎಲ್ಲ ಮನೆಗಳಿಗೂ ಒಟ್ಟಿಗೇ ಬರಬಹುದು. ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳು ಇರಬಹುದು ಎಂಬುದನ್ನು ಮರೆಯಬಾರದು. ಆದುದರಿಂದ ಕಾಂಕ್ರೀಟಿನ ಸಂದು ಕೇವಲ ಕಟ್ಟಡದ ವಿಷಯವಲ್ಲ, ಅದು ಮಕ್ಕಳ ಆರೋಗ್ಯದ ವಿಷಯ.

ಇನ್ನೊಂದು ಹಾನಿ ನಿಧಾನವಾದುದು. ಸಂದಿನಲ್ಲಿ ನುಸುಳಿದ ನೀರು ಒಳಗಿನ ಕಬ್ಬಿಣದ ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಅದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕಡಲತೀರದಲ್ಲಿ ಮಣ್ಣಿನ ನೀರಿನಲ್ಲಿ ಉಪ್ಪಿನಂಶವಿದ್ದರೆ ಈ ಕ್ರಿಯೆ ಇನ್ನೂ ತೀವ್ರವಾಗುತ್ತದೆ. ನೆಲಮಾಳಿಗೆಯ ಗೋಡೆಯೇ ಎಷ್ಟೋ ಸಂದರ್ಭಗಳಲ್ಲಿ ಮೇಲಿನ ಮಹಡಿಗಳ ಭಾರವನ್ನು ಹೊತ್ತಿರುತ್ತದೆ ಎಂಬುದನ್ನು ನೆನೆದರೆ ಇದರ ಪರಿಣಾಮ ತಾನೇ ವೇದ್ಯವಾಗುತ್ತದೆ.

ಕಾಂಕ್ರೀಟು ಸುರಿಯುವ ಮುನ್ನ

ನಮ್ಮ ಉದಾಹರಣೆಯ ಸಂಪಿನಲ್ಲಿ ತಳವೂ ಗೋಡೆಯೂ ಕೂಡುವ ಸಂದಿನ ಒಟ್ಟು ಉದ್ದ 18 ಮೀಟರು. ಇದರಲ್ಲಿ ಒಂದು ಗೇಣು ಕೆಟ್ಟರೂ ಉಳಿದದ್ದೆಲ್ಲ ಚೆನ್ನಾಗಿದ್ದು ಪ್ರಯೋಜನವಿಲ್ಲ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಇಡೀ ಉದ್ದಕ್ಕೂ ಪಾಲಿಸಬೇಕು.

ಮೊದಲನೆಯದಾಗಿ, ಸಂದು ಎಲ್ಲಿ ಬರಬೇಕೆಂಬುದನ್ನು ನಕ್ಷೆಯಲ್ಲೇ ನಿರ್ಧರಿಸಬೇಕು. ಸಿಮೆಂಟು ಮುಗಿಯಿತು, ಕತ್ತಲಾಯಿತು, ಮಳೆ ಬಂತು ಎಂದು ಕೆಲಸ ನಿಲ್ಲಿಸಿದ ಕಡೆಯಲ್ಲೆಲ್ಲ ಸಂದು ಹುಟ್ಟಬಾರದು. ಗೋಡೆಯ ಸಂದನ್ನು ತಳದ ಮಟ್ಟದಲ್ಲೇ ಬಿಡುವುದಕ್ಕಿಂತ, ತಳದೊಂದಿಗೇ ಗೋಡೆಯ ಕೆಳಭಾಗವನ್ನು ಸುಮಾರು 150 ಮಿಲಿಮೀಟರು ಎತ್ತರಕ್ಕೆ ಒಂದು ಕಟ್ಟೆಯಂತೆ ಎಬ್ಬಿಸುವುದು ಉತ್ತಮ. ಮೂಲೆಯ ಕಸ, ಕೊಳೆ, ನಿಂತ ನೀರು ಇವುಗಳಿಂದ ಸಂದು ಮೇಲಕ್ಕೆ ಬರುತ್ತದೆ. ಗೋಡೆಯ ಸೆಂಟ್ರಿಂಗಿಗೂ ಅದು ಭದ್ರವಾದ ಆಧಾರವಾಗುತ್ತದೆ.

ಎರಡನೆಯದಾಗಿ, ಹಳೆಯ ಕಾಂಕ್ರೀಟಿನ ಮುಖವನ್ನು ಸಿದ್ಧಗೊಳಿಸಬೇಕು. ಕಾಂಕ್ರೀಟು ಗಟ್ಟಿಯಾಗುವಾಗ ಅದರ ಮೇಲ್ಮೈಯಲ್ಲಿ ಸಿಮೆಂಟಿನ ತಿಳಿ ಹಾಲಿನ ಕೆನೆಯಂತೆ ಬಂದು ನಿಲ್ಲುತ್ತದೆ. ನೋಡಲು ಇದು ನುಣುಪಾಗಿ, ಚೆಂದವಾಗಿ ಕಾಣುತ್ತದೆ. ಆದರೆ ಇದರಷ್ಟು ದುರ್ಬಲವಾದ ಪದರ ಬೇರೊಂದಿಲ್ಲ. ಕಾಂಕ್ರೀಟು ಇನ್ನೂ ಎಳೆಯದಾಗಿರುವಾಗಲೇ ತಂತಿಯ ಬ್ರಷ್ಷಿನಿಂದಲೂ ನೀರಿನ ಧಾರೆಯಿಂದಲೂ ಇದನ್ನು ತೆಗೆದು ಜಲ್ಲಿಕಲ್ಲು ಕಾಣುವಂತೆ ಮಾಡಬೇಕು. ತಡವಾಗಿದ್ದರೆ ಉಳಿಯಿಂದ ಲಘುವಾಗಿ ಕೆತ್ತಬೇಕು. ಬಳಿಕ ಮರದ ಹೊಟ್ಟು, ತಂತಿಯ ಚೂರು, ಮಣ್ಣು ಒಂದೂ ಉಳಿಯದಂತೆ ತೊಳೆಯಬೇಕು. ಹೊಸ ಕಾಂಕ್ರೀಟು ಬೀಳುವ ವೇಳೆಗೆ ಹಳೆಯ ಮುಖ ಒಳಗೆ ನೆನೆದಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಒಣಗಿದ ಮುಖ ಹೊಸ ಕಾಂಕ್ರೀಟಿನ ನೀರನ್ನು ಹೀರಿಕೊಳ್ಳುತ್ತದೆ. ನಿಂತ ನೀರು ಅದನ್ನು ತೆಳುವಾಗಿಸುತ್ತದೆ. ಎರಡೂ ಕೆಡುಕೇ.

ಜಲತಡೆ ಪಟ್ಟಿ

ಮೂರನೆಯದೂ ಮುಖ್ಯವೂ ಆದದ್ದು ಜಲತಡೆ ಪಟ್ಟಿ. ಕೆಲಸದ ಸ್ಥಳದಲ್ಲಿ ಇದನ್ನು ವಾಟರ್ ಸ್ಟಾಪ್ ಅಥವಾ ವಾಟರ್ ಸ್ಟಾಪರ್ ಎನ್ನುತ್ತಾರೆ. ಪಿ.ವಿ.ಸಿ. ಅಥವಾ ರಬ್ಬರಿನಿಂದ ಮಾಡಿದ, ಸಾಮಾನ್ಯವಾಗಿ 150ರಿಂದ 300 ಮಿಲಿಮೀಟರು ಅಗಲದ ಪಟ್ಟಿ ಇದು. ಇದರ ಅರ್ಧ ಅಗಲ ಹಳೆಯ ಕಾಂಕ್ರೀಟಿನಲ್ಲಿ, ಉಳಿದರ್ಧ ಹೊಸದರಲ್ಲಿ ಹುದುಗಿರುತ್ತದೆ. ಪಟ್ಟಿಯ ಮೇಲಿನ ಏಣುಗಳು ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತವೆ. ಸಂದಿನ ಮೂಲಕ ಬಂದ ನೀರು ಈ ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದೆ.

ಪಟ್ಟಿ ಒಳ್ಳೆಯದಿದ್ದೂ ಸೋರಿಕೆ ಉಂಟಾಗುವುದು ಅದನ್ನು ಕೂರಿಸುವ ರೀತಿಯಿಂದ. ಸಾಮಾನ್ಯವಾಗಿ ಆಗುವ ತಪ್ಪುಗಳು ಇವು. ಪಟ್ಟಿಯನ್ನು ಸರಳಿಗೆ ಬಿಗಿಯಾಗಿ ಕಟ್ಟದೆ ಬಿಟ್ಟರೆ ಕಾಂಕ್ರೀಟಿನ ಭಾರಕ್ಕೆ ಅದು ಮಡಚಿಕೊಳ್ಳುತ್ತದೆ. ಮಡಚಿದ ಪಟ್ಟಿಯ ಕೆಳಗೆ ಟೊಳ್ಳು ಉಳಿಯುತ್ತದೆ. ಅದನ್ನು ಅಂಚಿನಲ್ಲಿ ಮಾತ್ರ ಬೈಂಡಿಂಗ್ ತಂತಿಯಿಂದ ಕಟ್ಟಬೇಕೇ ಹೊರತು ನಡುವೆ ಮೊಳೆ ಹೊಡೆಯಬಾರದು. ಮೊಳೆಯ ತೂತು ನೀರಿನ ಬಾಗಿಲು. ಎರಡು ತುಂಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಡಬಾರದು, ಪಿ.ವಿ.ಸಿ. ಪಟ್ಟಿಯ ತುದಿಗಳನ್ನು ಬಿಸಿ ಮಾಡಿ ಒಂದಕ್ಕೊಂದು ಬೆಸೆಯಬೇಕು. ಮೂಲೆಗಳಲ್ಲಿ ಪಟ್ಟಿಯನ್ನು ಕತ್ತರಿಸಿ ಅಂತರ ಬಿಡಬಾರದು. ಸೆಂಟ್ರಿಂಗ್ ಹಲಗೆಗೆ ಬಳಿಯುವ ಎಣ್ಣೆ ಪಟ್ಟಿಗೆ ತಗಲಬಾರದು. ತಳ ಹಾಕಿದ ಮೇಲೆ ಮೇಲಕ್ಕೆ ನಿಂತ ಅರ್ಧ ಪಟ್ಟಿಗೆ ಅಂಟಿದ ಒಣ ಸಿಮೆಂಟನ್ನು ಒರೆಸಿ ತೆಗೆಯಬೇಕು. ನಮ್ಮ ಸಂಪಿಗೆ ಬೇಕಾಗುವುದು 18 ಮೀಟರು ಪಟ್ಟಿ. ಇಡೀ ಕಟ್ಟಡದ ವೆಚ್ಚದಲ್ಲಿ ಅದರ ಬೆಲೆ ಲೆಕ್ಕಕ್ಕೇ ಬಾರದಷ್ಟು. ಉಳಿತಾಯ ಮಾಡಬೇಕಾದ ಜಾಗ ಇದಲ್ಲ.

ನೀರು ತಗಲಿದಾಗ ಉಬ್ಬಿ ಸಂದನ್ನು ಮುಚ್ಚುವ ಪಟ್ಟಿಗಳೂ ಬಳಕೆಯಲ್ಲಿವೆ. ನಿರ್ಮಾಣದ ಸಂದುಗಳಿಗೆ ಅವು ಅನುಕೂಲ. ಆದರೆ ಕಾಂಕ್ರೀಟು ಹಾಕುವ ಮುನ್ನವೇ ಮಳೆಗೆ ಸಿಕ್ಕಿ ಉಬ್ಬಿದ ಪಟ್ಟಿಯನ್ನು ಬಳಸಬಾರದು, ಅದನ್ನು ಬದಲಾಯಿಸಲೇಬೇಕು. ಹಿಗ್ಗುವ ಸಂದಿಗೆ ಇದು ಸಲ್ಲದು. ಅಲ್ಲಿ ನಡುವೆ ಟೊಳ್ಳಾದ ಉಬ್ಬುಳ್ಳ ಪಟ್ಟಿಯನ್ನೇ ಹಾಕಬೇಕು. ಸಂದು ತೆರೆದು ಮುಚ್ಚಿದಂತೆಲ್ಲ ಆ ಉಬ್ಬು ಹಿಗ್ಗಿ ಕುಗ್ಗಿ ಹೊಂದಿಕೊಳ್ಳುತ್ತದೆ. ಆ ಉಬ್ಬು ಸರಿಯಾಗಿ ಸಂದಿನ ಗೆರೆಯ ಮೇಲೇ ಇರಬೇಕು. ಅದು ಕಾಂಕ್ರೀಟಿನೊಳಗೆ ಹೂತುಹೋದರೆ ಹಾಕಿಯೂ ಹಾಕದಂತೆಯೇ.

ಕೊಳವೆಗಳು ಗೋಡೆಯನ್ನು ದಾಟುವ ಸ್ಥಳವೂ ಒಂದು ಸಂದೇ. ಗೋಡೆ ಕಟ್ಟಿದ ಮೇಲೆ ಒಡೆದು ಕೊಳವೆ ತೂರಿಸಿ ಸುತ್ತ ಗಾರೆ ಮೆತ್ತುವುದು ಸೋರಿಕೆಗೆ ಆಹ್ವಾನ. ಸುತ್ತಲೂ ಲೋಹದ ಬಿಲ್ಲೆಯನ್ನು ಬೆಸೆದ ಕೊಳವೆಯ ತುಂಡನ್ನು ಕಾಂಕ್ರೀಟಿಗೆ ಮುಂಚೆಯೇ ಅದರ ಸ್ಥಾನದಲ್ಲಿ ನಿಲ್ಲಿಸಿರಬೇಕು.

ಕಾಂಕ್ರೀಟು ಸುರಿಯುವಾಗ

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದರ ಸುತ್ತ ಕಾಂಕ್ರೀಟು ತುಂಬಿಕೊಳ್ಳದಿದ್ದರೆ ನೀರು ಬಳಸುದಾರಿ ಹಿಡಿಯುತ್ತದೆ. ಎತ್ತರದಿಂದ ಸುರಿದಾಗ ಜಲ್ಲಿ ಮೊದಲು ಬಿದ್ದು ಗಾರೆ ಸರಳಿಗೆ ಅಂಟಿ ಹಿಂದುಳಿಯುತ್ತದೆ. ಗೋಡೆಯ ಬುಡದಲ್ಲಿ, ಸರಿಯಾಗಿ ಸಂದಿನ ಮೇಲೆಯೇ, ಜೇನುಗೂಡಿನಂತಹ ಟೊಳ್ಳುಗಳು ಉಂಟಾಗುತ್ತವೆ. ಆದುದರಿಂದಲೇ 1.5 ಮೀಟರಿಗಿಂತ ಹೆಚ್ಚು ಎತ್ತರದಿಂದ ಕಾಂಕ್ರೀಟನ್ನು ಬೀಳಿಸಬಾರದೆಂದು ಭಾರತೀಯ ಮಾನಕ ಐ.ಎಸ್. 456ರ 2000ದ ಆವೃತ್ತಿ ಹೇಳುತ್ತದೆ. ಮೊದಲ ಪದರವನ್ನು ತೆಳುವಾಗಿ ಹಾಕಿ, ವೈಬ್ರೇಟರನ್ನು ಪಟ್ಟಿಗೆ ತಗಲಿಸದೆ ಅದರ ಎರಡೂ ಪಕ್ಕಗಳಲ್ಲಿ ನಿಧಾನವಾಗಿ ಇಳಿಸಿ ಎತ್ತಬೇಕು.

ಕೆಲಸ ಸುಲಭವಾಗಲೆಂದು ಇನ್ನೊಂದು ಬಕೆಟ್ ನೀರು ಸೇರಿಸುವ ಅಭ್ಯಾಸವನ್ನು ಬಿಡಬೇಕು. ದ್ರವ ಸಂಗ್ರಹದ ಕಾಂಕ್ರೀಟು ಕಟ್ಟಡಗಳ ಬಗೆಗಿನ ಮಾನಕವಾದ ಐ.ಎಸ್. 3370, ತನ್ನ 2009ರ ಆವೃತ್ತಿಯಲ್ಲಿ, ಸರಳು ಹಾಕಿದ ಕಾಂಕ್ರೀಟಿಗೆ ಎಂ-30 ದರ್ಜೆಯನ್ನೂ, ನೀರು ಸಿಮೆಂಟಿನ ತೂಕದ 0.45 ಪಾಲನ್ನು ಮೀರಬಾರದೆಂಬುದನ್ನೂ ವಿಧಿಸಿತು. ಅಂದರೆ 50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ ಗರಿಷ್ಠ 22.5 ಲೀಟರು ನೀರು. ಮರಳು ಒದ್ದೆಯಾಗಿದ್ದರೆ ಅದರೊಳಗಿನ ನೀರೂ ಈ ಲೆಕ್ಕದಲ್ಲೇ ಸೇರಬೇಕು. ಹೆಚ್ಚಾದ ನೀರು ಆವಿಯಾಗಿ ಹೋದ ದಾರಿಯೇ ಮುಂದೆ ನೀರು ಒಳಬರುವ ದಾರಿಯಾಗುತ್ತದೆ. ಸುರಿದ ಮೇಲೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಾದರೆ 10 ದಿನ, ಕಾಂಕ್ರೀಟು ಒಣಗದಂತೆ ನೀರುಣಿಸಬೇಕು. ನೆಲದಡಿಯ ಗೋಡೆಗೆ ನೀರು ನಿಲ್ಲಿಸಲಾಗುವುದಿಲ್ಲವಾದ್ದರಿಂದ ಒದ್ದೆ ಗೋಣಿತಾಟನ್ನು ಇಳಿಬಿಡುವುದು ಲೇಸು.

ಮಣ್ಣು ತುಂಬುವ ಮುನ್ನ ಪರೀಕ್ಷೆ

ಹೊಸ ಸಂಪನ್ನು ತುಂಬಿಸಿ ನೋಡದೆ ಗುತ್ತಿಗೆದಾರನಿಂದ ವಹಿಸಿಕೊಳ್ಳಬಾರದು. ಗೋಡೆಯ ಹೊರಮುಖ ಕಾಣುವಂತಿರುವಾಗಲೇ, ಅಂದರೆ ಸುತ್ತ ಮಣ್ಣು ತುಂಬುವ ಮುಂಚೆಯೇ, ಎಂಜಿನಿಯರರ ಒಪ್ಪಿಗೆ ಪಡೆದು ನೀರು ತುಂಬಿಸಿದರೆ ಒದ್ದೆಯಾದ ಸ್ಥಳ ಕಣ್ಣಿಗೇ ಬೀಳುತ್ತದೆ. ಹೊರಮುಖ ಕಾಣದ ಮುಚ್ಚಿದ ತೊಟ್ಟಿಗಳಿಗೆ ಐ.ಎಸ್. 3370 ಹೇಳುವ ಪರೀಕ್ಷೆ ಹೀಗಿದೆ. ತೊಟ್ಟಿಯನ್ನು ತುಂಬಿಸಿ 7 ದಿನ ಬಿಡಬೇಕು. ಕಾಂಕ್ರೀಟು ತನಗೆ ಬೇಕಾದ ನೀರನ್ನು ಹೀರಿಕೊಳ್ಳಲಿ. ಅನಂತರ ಮಟ್ಟವನ್ನು ಗುರುತುಹಾಕಿ, 24 ಗಂಟೆಗಳಿಗೊಮ್ಮೆ ಇನ್ನೂ 7 ದಿನ ಅಳೆಯಬೇಕು. ಈ 7 ದಿನಗಳಲ್ಲಿ ಒಟ್ಟು ಇಳಿತ 40 ಮಿಲಿಮೀಟರನ್ನು ಮೀರದಿದ್ದರೆ ಅಂತಹ ತೊಟ್ಟಿಯನ್ನು ಸಾಮಾನ್ಯವಾಗಿ ಸೋರದ ತೊಟ್ಟಿಯೆಂದು ಭಾವಿಸಬಹುದು. ನಮ್ಮ ಉದಾಹರಣೆಯಲ್ಲಿ 40 ಮಿಲಿಮೀಟರೆಂದರೆ 800 ಲೀಟರು. ಇದು ಗರಿಷ್ಠ ಮಿತಿಯೇ ಹೊರತು ಗುರಿಯಲ್ಲ.

ಈಗಾಗಲೇ ಸೋರುತ್ತಿದ್ದರೆ

ಹಳೆಯ ಕಟ್ಟಡಗಳಲ್ಲಿರುವವರು ಒಂದು ಸರಳ ಪರೀಕ್ಷೆಯನ್ನು ತಾವೇ ಮಾಡಬಹುದು. ರಾತ್ರಿ ಸಂಪಿಗೆ ಬರುವ ಕೊಳವೆಯನ್ನೂ ಪಂಪನ್ನೂ ನಿಲ್ಲಿಸಿ, ನೀರಿನ ಮಟ್ಟವನ್ನು ಅಳತೆಗೋಲಿನಿಂದ ನೋಡಿ ಬರೆದಿಟ್ಟು, ಬೆಳಗ್ಗೆ ಮತ್ತೆ ನೋಡಿ. ಇಳಿದಿದ್ದರೆ ಸೋರಿಕೆಯ ಶಂಕೆ. ಸಂಪು ಬಹುಮಟ್ಟಿಗೆ ಬರಿದಾಗಿದ್ದಾಗ ಇದೇ ಪರೀಕ್ಷೆ ಮಾಡಿ ಮಟ್ಟ ಏರಿದ್ದು ಕಂಡರೆ ಅದು ಹೆಚ್ಚಿನ ಅಪಾಯದ ಸೂಚನೆ. ಕೊಳವೆಯ ಕವಾಟ ಸರಿಯಾಗಿ ಮುಚ್ಚಿದ್ದರೂ ಮಟ್ಟ ಏರಿತೆಂದರೆ ಹೊರಗಿನ ನೀರು ಒಳಗೆ ಬರುತ್ತಿದೆ ಎಂದೇ ಅರ್ಥ. ಆ ಕ್ಷಣದಿಂದ ನೀರನ್ನು ಕುದಿಸಿ ಕುಡಿಯುವಂತೆ ಎಲ್ಲ ಮನೆಗಳಿಗೂ ತಿಳಿಸಿ, ನೀರಿನ ಪರೀಕ್ಷೆ ಮಾಡಿಸಬೇಕು.

ದುರಸ್ತಿಯ ವಿಷಯದಲ್ಲಿ ಒಂದು ಮಾತು. ನೀರು ಕಾಣಿಸಿಕೊಳ್ಳುವ ಸ್ಥಳವೂ ನೀರು ಹೊಕ್ಕ ಸ್ಥಳವೂ ಒಂದೇ ಆಗಿರಬೇಕಿಲ್ಲ. ಸಂದಿನೊಳಗೆ ಅದು ಮೀಟರುಗಟ್ಟಲೆ ಹರಿದು ಬಂದಿರಬಹುದು. ನೆಲಮಾಳಿಗೆಯ ಗೋಡೆಗೆ ಒಳಗಿನಿಂದ ಗಾರೆ ಬಳಿದರೆ ಹಿಂದಿನ ಒತ್ತಡ ಕೆಲವು ಮಳೆಗಾಲಗಳಲ್ಲಿ ಅದನ್ನು ಕಳಚಿ ಕೆಡವುತ್ತದೆ. ಸಂದಿನ ಉದ್ದಕ್ಕೂ ಓರೆಯಾಗಿ ರಂಧ್ರ ಕೊರೆದು, ನೀರಿನೊಡನೆ ಸೇರಿ ಉಬ್ಬುವ ಪಾಲಿಯುರಿಥೇನ್ ದ್ರವವನ್ನೋ ಸಿಮೆಂಟಿನ ತಿಳಿಯನ್ನೋ ಒತ್ತಡದಿಂದ ತುಂಬುವ ವಿಧಾನ ಹೆಚ್ಚು ಫಲಕಾರಿ. ಇದು ಅನುಭವಿಗಳ ಕೆಲಸ. ಕುಡಿಯುವ ನೀರಿನ ತೊಟ್ಟಿಗೆ ಬಳಸುವ ಯಾವುದೇ ರಾಸಾಯನಿಕ ಕುಡಿಯುವ ನೀರಿನ ಸಂಪರ್ಕಕ್ಕೆ ಯೋಗ್ಯವೆಂದು ದೃಢಪಟ್ಟಿರಬೇಕು. ಮಳೆಗಾಲದಲ್ಲಿ ಸಂಪನ್ನು ಪೂರ್ತಿ ಬರಿದುಮಾಡುವ ಮುನ್ನ ಎಂಜಿನಿಯರರ ಸಲಹೆ ಪಡೆಯಿರಿ. ಸುತ್ತ ನೀರು ತುಂಬಿರುವಾಗ ಬರಿದಾದ ಪೆಟ್ಟಿಗೆ ದೋಣಿಯಂತೆ ಮೇಲೇಳಲು ಯತ್ನಿಸುತ್ತದೆ.

ಇದೆಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಜೀವದ್ದು. ಮುಚ್ಚಿದ ಸಂಪಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ, ಅವರನ್ನು ಎತ್ತಲು ಇಳಿದವರೂ ಸತ್ತ ಸುದ್ದಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಬಹಳ ದಿನ ಮುಚ್ಚಿಟ್ಟ ತೊಟ್ಟಿಯಲ್ಲಿ, ಹಸಿ ಹಲಗೆಗಳಿರುವ ಹೊಸ ತೊಟ್ಟಿಯಲ್ಲಿ, ಉಸಿರಾಡುವ ಗಾಳಿ ಇಲ್ಲದಿರಬಹುದು. ಎಲ್ಲ ಮುಚ್ಚಳಗಳನ್ನೂ ಬಹಳ ಹೊತ್ತು ತೆರೆದಿಟ್ಟು, ಫ್ಯಾನಿನಿಂದ ಹೊಸ ಗಾಳಿ ತುಂಬಿಸಿ, ಒಳಗಿನ ಗಾಳಿಯನ್ನು ಉಪಕರಣದಿಂದ ಪರೀಕ್ಷಿಸಿ, ಪಂಪಿನ ವಿದ್ಯುತ್ತನ್ನು ಕಡಿದು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬರು ಕಾವಲಿರದೆ ಯಾರನ್ನೂ ಇಳಿಸಬಾರದು. ಇಳಿದವರು ಕುಸಿದರೆ ಅವಸರದಿಂದ ಹಿಂದೆಯೇ ಇಳಿಯದೆ ಹಗ್ಗದಿಂದ ಮೇಲೆಳೆಯಬೇಕು, ಅಗ್ನಿಶಾಮಕ ದಳವನ್ನು ಕರೆಯಬೇಕು.

ನಾವು ಮಾಡಬಹುದಾದುದು

ನಾವು ಮನೆ ಕೊಳ್ಳುವಾಗ ನೆಲಕ್ಕೆ ಹಾಸುವ ಕಲ್ಲನ್ನೂ ಗೋಡೆಯ ಬಣ್ಣವನ್ನೂ ವಿಚಾರಿಸುತ್ತೇವೆ. ಸಂಪಿನ ಸಂದುಗಳನ್ನು ಕುರಿತು ಕೇಳುವವರು ವಿರಳ. ಸಂಘದ ಹೊಸ ಕಾಮಗಾರಿ ಆರಂಭವಾಗುವಾಗ, ಅಥವಾ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ಬಂದಾಗ, ನಿರ್ಮಾಪಕರನ್ನು ನಾಲ್ಕು ಪ್ರಶ್ನೆ ಕೇಳಿ. ಸಂದುಗಳು ಎಲ್ಲೆಲ್ಲಿ ಬರುತ್ತವೆಂದು ನಕ್ಷೆಯಲ್ಲಿ ತೋರಿಸಿದ್ದೀರಾ? ಯಾವ ಸಂದಿಗೆ ಯಾವ ಪಟ್ಟಿ? ಕಾಂಕ್ರೀಟು ಸುರಿಯುವ ಮುನ್ನ ಪಟ್ಟಿಯನ್ನು ಪರಿಶೀಲಿಸಿ ರುಜು ಹಾಕುವವರು ಯಾರು? ನೀರು ತುಂಬಿಸುವ ಪರೀಕ್ಷೆ ಎಂದು? ಪಟ್ಟಿ ಕಾಣುವಂತಿರುವಾಗ ಇಡೀ ಸಂದಿನ ಛಾಯಾಚಿತ್ರ ತೆಗೆದು ಸಂಘದ ಕಡತದಲ್ಲಿ ಇರಿಸಿ. ಕಾಂಕ್ರೀಟು ಬಿದ್ದ ಮೇಲೆ ಅದನ್ನು ನೋಡಿದವರು ಯಾರೂ ಇರುವುದಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಈ ಮಹಾನಗರಗಳ ಕಟ್ಟಡ ಕೆಲಸದಲ್ಲಿ ಬೆವರು ಹರಿಸುತ್ತಿರುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳ ಕಡೆಯಿಂದ ಬಂದ ನಮ್ಮ ಸೋದರ ಸೋದರಿಯರೂ ಇದ್ದಾರೆ. ಪಟ್ಟಿಯನ್ನು ಕಟ್ಟುವ ಕೈ, ಸಂದನ್ನು ತೊಳೆಯುವ ಕೈ, ಸಂಪಿಗೆ ಇಳಿಯುವ ಜೀವ ಅವರದು. ಸಂದಿನ ಕಸವನ್ನು ಏಕೆ ತೆಗೆಯಬೇಕು, ಪಟ್ಟಿಗೆ ಮೊಳೆ ಏಕೆ ಹೊಡೆಯಬಾರದು, ಗಾಳಿಯಿಲ್ಲದ ಗುಂಡಿಗೆ ಇಳಿಯಲಾರೆನೆಂದು ಹೇಳುವ ಹಕ್ಕು ತಮಗಿದೆ ಎಂಬುದನ್ನು ಅವರಿಗೆ ಅವರ ಭಾಷೆಯಲ್ಲೇ ಹೇಳಿದವರು ಕಡಿಮೆ. ತಾವು ಈ ಪುಸ್ತಿಕೆಯನ್ನು ಓದಿ ಮಡಚಿಡದೆ ಅವರ ಕೈಗೂ ತಲುಪಿಸಬೇಕು. ಓದು ಬಾರದವರಿಗೆ ಓದಿ ಹೇಳಬೇಕು. ಆ ಕೈಗಳು ಚೆನ್ನಾಗಿ ಮಾಡಿದ ಕೆಲಸ ಮಣ್ಣಿನಡಿ ಮರೆಯಾಗಿ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದರ ಮೇಲಿನ ಪ್ರತಿ ಮನೆಯ ಮಗುವೂ ಶುದ್ಧವಾದ ನೀರು ಕುಡಿಯುತ್ತದೆ.